ತಿರುವಿನ ಕನ್ನಡಿಗೆ ಕುಂಕುಮ

ಹೊಸ ಕನ್ನಡಿಯ ನಟ್ಟನಡುವೆ ಆ ಅಜ್ಜಿ ಕುಂಕುಮ ಹಚ್ಚಿಯೇಬಿಟ್ಟರು.

ಯಲ್ಲಾಪುರ ದಾಟಿದ ಮೇಲೆ ಟೋಲ್ ಹೆದ್ದಾರಿಯ ತಿರುವೊಂದರಲ್ಲಿ ಕೆಲಸ ನಡೆದಿತ್ತು. ಕೆಂಪು ಬಾವುಟ ತೋರಿಸಿ ನಮ್ಮನ್ನೆಲ್ಲ ನಿಲ್ಲಿಸಿದ್ದರು. ಟೋಲ್ ಕೊಟ್ಟೂ ಕಾಯಬೇಕೇ ಎಂದು ಗೊಣಗುತ್ತ ನಾನು ಕಾರಿನಿಂದ ಇಳಿದಿದ್ದೆ. ಎದುರಿನ ವಾಹನ ಕಾಣಲೆಂದು ತಿರುವಿನಲ್ಲಿ ಹಾಕುವ ದೊಡ್ಡ ಉಬ್ಬುಗನ್ನಡಿಯನ್ನು ಕೆಲಸಗಾರ ಇನ್ನೇನು ಕಂಬಕ್ಕೆ ಏರಿಸಬೇಕು, ಅಷ್ಟರಲ್ಲಿ ಪಕ್ಕದ ಮಣ್ಣುದಾರಿಯಿಂದ ಅಜ್ಜಿ ಹರಿವಾಣ ಹಿಡಿದು ಬಂದಿದ್ದರು. ಹೊಸ ಸ್ಕೂಟರಿಗೋ ಪಂಪ್‌ಸೆಟ್ಟಿಗೋ ಹಚ್ಚುವಷ್ಟೇ ಸಹಜವಾಗಿ ಹಚ್ಚಿದರು.

ಕೆಲಸಗಾರ ರೇಗಬಹುದು ಅಂದುಕೊಂಡೆ. ಹಾವೇರಿ ಕಡೆಯವನಿರಬೇಕು, ಮೆಲ್ಲಗೆ ಹೇಳಿದ: "ಅಮ್ಮಾರ, ನಡುವ ಹಚ್ಚಿದ್ರ ಬರೋ ಲಾರಿ ಕಾಣಂಗಿಲ್ರಿ. ಕಂಬಕ್ಕ ಹಚ್ರಿ."

ಅಜ್ಜಿ ಒಂದು ಗಳಿಗೆ ಕನ್ನಡಿಯನ್ನೇ ನೋಡಿದರು. "ಹೌದಲಾ ತಮಾ. ಮೊಮ್ಮಗಳು ಶಾಲೆ ಬಸ್ಸಿಗೆ ಇಲ್ಲೇ ರಸ್ತೆ ದಾಟೋದು, ಅದ್ಕೇ ಹಚ್ಚಿದ್ದು" ಎನ್ನುತ್ತ ಸೆರಗಿನಿಂದ ಒರೆಸಹೋದರು. ಕುಂಕುಮ ಕನ್ನಡಿಗೆಲ್ಲ ಹರಡಿತು. ಅವನು ತನ್ನ ಕುಡಿಯುವ ನೀರಿನ ಬಾಟಲಿ ತಂದು ಸುರಿದ, ಅಜ್ಜಿ ಒರೆಸಿದರು. ಸಾಲಿನಲ್ಲಿ ನಿಂತ ಯಾರೂ ಹಾರ್ನ್ ಮಾಡಲಿಲ್ಲ. ಕನ್ನಡಿ ಏರಿದ ಮೇಲೆ ಅಜ್ಜಿ ಕಂಬಕ್ಕೆ ಕುಂಕುಮ ಹಚ್ಚಿ, ಒಂದು ದಾಸವಾಳ ಸಿಕ್ಕಿಸಿ, ಕೈಮುಗಿದರು. ಅವನೂ ಹೆಲ್ಮೆಟ್ ತೆಗೆದು ಪಕ್ಕದಲ್ಲಿ ನಿಂತ.

ಈಗ ಹುಬ್ಬಳ್ಳಿಗೆ ಹೋಗುವಾಗಲೆಲ್ಲ ಆ ತಿರುವಿನಲ್ಲಿ ಕಾರು ನಿಧಾನಿಸಿ, ಕನ್ನಡಿಗಿಂತ ಮೊದಲು ಕಂಬ ನೋಡುತ್ತೇನೆ. ಅಜ್ಜಿ ದಿನಾ ಹಚ್ಚುವ ಕುಂಕುಮ ಹಸಿಯಾಗಿದ್ದರೆ ನನಗೂ ನೆಮ್ಮದಿ: ಹುಡುಗಿ ಇವತ್ತೂ ಶಾಲೆಗೆ ಹೋಗಿದ್ದಾಳೆ.