ಬೀದಿಗೆ ಕೇಳುವಷ್ಟು

ಟೈಲರ್ ಸಾಬರ ತುಟಿಗಳ ನಡುವೆ ಯಾವಾಗಲೂ ಮೂರು ನಾಲ್ಕು ಗುಂಡುಸೂಜಿಗಳಿರುತ್ತಿದ್ದವು. ಅವುಗಳ ಸಂದಿಯಿಂದಲೇ ಮಾತಾಡುತ್ತಿದ್ದರು, ಹಾಗಾಗಿ ಮಾತು ಕಡಿಮೆ. ಮುಖ್ಯವಾದದ್ದು ಹೇಳುವಾಗ ಮಾತ್ರ ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚಿಕೊಳ್ಳುತ್ತಿದ್ದರು.

ಹೊಳಲ್ಕೆರೆಯ ಸಂತೆ ಮೈದಾನದಲ್ಲಿ ಬೆಳಿಗ್ಗೆ ನಮಗೆ ಖೋ ಖೋ, ಸಂಜೆ ಅವರ ಅಂಗಡಿಯಲ್ಲಿ ಹೊಲಿಗೆ. ಎರಡಕ್ಕೂ ಅವರೇ ಗುರು. ಹುಡುಗಿಯರು ಚಡ್ಡಿ ಹಾಕಿ ಆಡಬಾರದೆಂದು ಮನೆಗಳಲ್ಲಿ ತಡೆದಾಗ, ನಿಂತರೆ ಲಂಗದಂತೆ ಕಾಣುವ, ಓಡುವಾಗ ಪೈಜಾಮದಂತೆ ಸಡಿಲವಾಗುವ ನೆರಿಗೆಯ ಉಡುಪು ಹೊಲಿದುಕೊಟ್ಟರು. ಕುರಿ ಕಾಯುವ ನನ್ನ ಅಪ್ಪ ಅದನ್ನು ಎತ್ತಿ, ತಿರುಗಿಸಿ ನೋಡಿ, "ಇದ್ರಾಗೆ ಏನ್ ತಪ್ಪೈತೆ, ಆಡ್ಲಿ ಬಿಡು" ಅಂದಿದ್ದ.

ನನ್ನ ಕಾಲು ಚುರುಕಾಗಿತ್ತು. ದನಿ ಮಾತ್ರ ಗಂಟಲು ದಾಟುತ್ತಿರಲಿಲ್ಲ. ಆ ಆಟದಲ್ಲಿ ಕುಳಿತವಳ ಬೆನ್ನು ಮುಟ್ಟಿ "ಖೋ" ಎಂದು ಕೂಗಿದ ಮೇಲೆಯೇ ಅವಳು ಏಳಬೇಕು. ಚಿತ್ರದುರ್ಗದ ಪಂದ್ಯದ ಕೊನೆಯ ನಿಮಿಷದಲ್ಲಿ ನಾನು ಮುಟ್ಟಿದೆ, ತುಟಿಯೂ ಅಲ್ಲಾಡಿತು, ದನಿ ಬರಲಿಲ್ಲ. ಅವಳು ಎದ್ದಳು, ತಪ್ಪೆಂದು ಸೀಟಿ ಮೊಳಗಿತು, ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. "ಬಾಯಾಗೆ ಕಡುಬು ಇಟ್ಕಂಡಿದ್ಯೇನೇ?" ಎಂದು ಹಿಂದಿನ ಸೀಟಿನವಳು ಕೇಳಿದಳು. ಸಾಬರು ನೋಯುವ ಮಂಡಿ ಹಿಡಿದುಕೊಂಡು ಬಂದು ಆ ಖಾಲಿ ಜಾಗದಲ್ಲಿ ಕುಳಿತರು. ಊರು ಬಂತು. ಇಳಿಯುವಾಗ, "ನಾಳೆಯಿಂದ ಹೆಣ್ಮಕ್ಕಳ ಅಳತೆ ನೀನ್ ತಗಾ. ನಾನ್ ಬರ್ಕಂತೀನಿ" ಅಂದರು.

ಅಂಗಡಿಯ ಹಿಂದೆಯೇ ಅವರ ಮನೆ, ನಡುವೆ ಪರದೆ. ನಾನು ಪರದೆಯ ಒಳಗೆ ಅಳೆಯಬೇಕು, ಅವರು ಬೀದಿ ಕಡೆಯ ಮೆಷಿನ್ನಿನಲ್ಲಿ ಕುಳಿತು ಅಳತೆ ಪುಸ್ತಕದಲ್ಲಿ ಬರೆಯಬೇಕು. ಕೂಗುವುದು ಸಂಖ್ಯೆ ಮಾತ್ರ. ಭುಜ, ತೋಳು, ಸೊಂಟ ಎಂಬ ಕ್ರಮ ನಮ್ಮಿಬ್ಬರಿಗೇ ಗೊತ್ತು. ಆದರೂ ಒಬ್ಬಳು ರೇಗಿದಳು: "ನನ್ ಸೊಂಟ ಊರಿಗೆಲ್ಲ ಸಾರ್ತೀಯೇನೇ?"

ನಾನು ದನಿ ತಗ್ಗಿಸಿದರೆ ಸಾಬರು ಬೇಕೆಂದೇ ಮೆಷಿನ್ ಇನ್ನೂ ಜೋರಾಗಿ ತುಳಿಯುತ್ತಿದ್ದರು. "ಕೇಳ್ಲಿಲ್ಲವ್ವಾ. ಬೀದಿಗೆ ಕೇಳ್ಬೇಕು!"

ಮರುವರ್ಷ ಹಿರಿಯೂರಿನಲ್ಲಿ ನಾನು ಖೋ ಅಂದಾಗ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಸಾಬರು ನಗು ತಡೆಯಲಾರದೆ ತುಟಿಯ ಸೂಜಿಗಳನ್ನೆಲ್ಲ ಕೆಳಗೆ ಬೀಳಿಸಿ, ಮಣ್ಣಿನಲ್ಲಿ ಹುಡುಕುತ್ತಾ ಕುಳಿತಿದ್ದರು.

ಮುಂದೆ, ಹತ್ತು ಮೆಷಿನ್ನುಗಳ ಸದ್ದಿನ ಮೇಲೂ ಕೇಳುವ ಆ ದನಿಯಿಂದಲೇ ನನಗೆ ಹೊಸದುರ್ಗದಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ತರಗತಿ ಮುಗಿದರೆ ಇಡೀ ಸಂಜೆ ನನ್ನ ದನಿಗೆ ಕೆಲಸವಿರುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದದ್ದು ಅಲ್ಲಿಗೆ. ಮೊದಲ ಬಸ್ಸಿಗೇ ಹೊರಟೆ.

ಅಂಗಡಿಯ ಮುಂದೆ ಜನ ತುಂಬಿದ್ದರು. ಅವರ ಹೆಂಡತಿ, ಅವರ ಮೈಗೆ ಸುತ್ತಬೇಕಾದ ಬಿಳಿ ಬಟ್ಟೆಯನ್ನೂ ಕತ್ತರಿಯನ್ನೂ ನನ್ನ ಕೈಗೆ ಕೊಟ್ಟು, "ನೀನೇ ಕತ್ತರ್ಸವ್ವ, ನಿನ್ ಕೈ ಅವ್ರೇ ತಿದ್ದಿದ್ದು" ಅಂದರು. ಎಷ್ಟು ಉದ್ದ? ಅಳತೆ ಪುಸ್ತಕದಲ್ಲಿ ಅರ್ಧ ಊರೇ ಇತ್ತು, ಅವರೊಬ್ಬರು ಇರಲಿಲ್ಲ. ಅವರ ಮಗ ಟೇಪು ಹಿಡಿದು, ಅವರನ್ನು ಮಲಗಿಸಿದ್ದ ಪರದೆಯ ಒಳಗೆ ಹೋದ. ನಾನು ಮೆಷಿನ್ನಿನ ಪಕ್ಕ ಕಾದೆ. ಒಳಗಿಂದ ಬಿಕ್ಕು ಬಂತು, ಸಂಖ್ಯೆ ಬರಲಿಲ್ಲ.

"ಕೇಳ್ಲಿಲ್ಲಪ್ಪಾ," ಅಂದೆ. "ಬೀದಿಗೆ ಕೇಳ್ಬೇಕು."

"ಅರವತ್ತಾರು!" ಎಂದು ಕೂಗಿದ. ಹೊರಗೆ ಕುಳಿತಿದ್ದವರೆಲ್ಲ ಎದ್ದು ನಿಂತರು. ತಲೆ ಕಡೆ, ಕಾಲ ಕಡೆ ಗಂಟಿಗೆ ಒಂದಿಷ್ಟು ಬಿಟ್ಟು ಕತ್ತರಿಸಿದೆ. ಆ ಬಟ್ಟೆಗೆ ಹೊಲಿಗೆಯಿಲ್ಲ.

ಗಂಡಸರು ಅವರನ್ನು ಹೊತ್ತು ಹೋದರು. ಹೆಂಗಸರು ಮಣ್ಣಿಗೆ ಹೋಗುವಂತಿರಲಿಲ್ಲ. ಎಲ್ಲರೂ ಹಿತ್ತಲಿಗೆ ಸರಿದ ಮೇಲೆ ನಾನು ಪರದೆಯ ಒಳಗೆ, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಅರವತ್ತಾರು ಎಂದು ಕೂಗಿದೆ. ಬೀದಿಗೆ ಕೇಳಿರಬೇಕು. ಮೆಷಿನ್ನಿನ ಹತ್ತಿರ ಬರೆದುಕೊಳ್ಳುವವರು ಯಾರೂ ಇರಲಿಲ್ಲ.