ಕೆಳಗಿನ ಮನೆಯ ಆಮೆ ಗೋತ್ರದವರು

ದಿಲ್ಲಿಯ ಮಯೂರ್ ವಿಹಾರದಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬ ನರ್ಸ್ ಇದ್ದರು. ಜಾರ್ಖಂಡಿನ ಉರಾಂವ್ ಆದಿವಾಸಿ. ಯಾರೇ ಬಂದರೂ ಬೆತ್ತದ ಸ್ಟೂಲು ಎಳೆದು, ದುಪಟ್ಟಾದಿಂದ ಒರೆಸಿ, "ಪಹಲೇ ಬೈಠಿಯೇ" ಅನ್ನುತ್ತಿದ್ದರು. ನಿಂತವರ ಜೊತೆ ಅವರದು ಮಾತೇ ಇಲ್ಲ.

ಒಂದು ಸಂಜೆ ಚಹಾ ಕುಡಿಯುವಾಗ ಹೇಳಿದರು: "ನಮ್ಮದು ಆಮೆ ಗೋತ್ರ. ನಾವು ಆಮೆ ಕೊಲ್ಲೋದಿಲ್ಲ, ತಿನ್ನೋದಿಲ್ಲ. ಹೀಗಂದ್ರೆ ಇಲ್ಲಿ ಜನ ನಗ್ತಾರೆ."

"ನಮ್ಮಲ್ಲೂ ಹಾಗೇ, ಗೋತ್ರಕ್ಕೆ ಬೆಡಗು ಅಂತೀವಿ. ನಮ್ಮದೂ ಆಮೆಯೇ," ಎಂದೆ.

"ಅಚ್ಛಾ! ಹಾಗಾದ್ರೆ ನೀವು ನನಗೆ ಅಣ್ಣ."

ಅಂದಿನಿಂದ ನಾನು ಭಾಯ್‌ಸಾಬ್ ಹೋಗಿ ದಾದಾ ಆದೆ. ದಿಲ್ಲಿಯಲ್ಲಿ ಒಬ್ಬ ಅಣ್ಣ ಸಿಕ್ಕ ಎಂದು ಊರಿನ ತಾಯಿಗೂ ಫೋನಿನಲ್ಲಿ ಹೇಳಿಬಿಟ್ಟರು.

ಆಗ ನನಗೆ ಅನುಮಾನ ಶುರುವಾಯಿತು. ಆಮೆ ಎಂದು ಮನೆಯಲ್ಲಿ ಕೇಳಿದ್ದೆನೋ, ವಿಶ್ವವಿದ್ಯಾಲಯದಲ್ಲಿ ಓದಿದ್ದೆನೋ? ಚಿತ್ರದುರ್ಗದ ಸೋದರತ್ತೆಗೆ ಫೋನ್ ಮಾಡಿದೆ.

"ಆಮೆ ಎಲ್ಲಿಂದ ಬಂತೋ? ನಮ್ಮದು ಅರಿಶಿನ. ಆಮೆ ನಿಮ್ಮಮ್ಮನ ತವರಿನೋರದು."

ನಾನೂ ಗೇಲಿ ಮಾಡಿದೆ ಎಂದುಕೊಂಡರೆ ಗತಿಯೇನು ಎಂಬ ಅಳುಕಿನಲ್ಲೇ ಕೆಳಗಿಳಿದು ಹೋಗಿ ಇದ್ದದ್ದು ಹೇಳಿದೆ. ಅವರು ಗಲ್ಲದ ಮೇಲೆ ಬೆರಳಿಟ್ಟು ಸಂಬಂಧದ ಲೆಕ್ಕ ಹಾಕಿದರು. ಆಮೇಲೆ ಜೋರಾಗಿ ನಕ್ಕರು.

"ಅಮ್ಮನ ಗೋತ್ರವಾ? ಹಾಗಾದ್ರೆ ನಾನು ನಿಮ್ಮ ತಂಗಿ ಅಲ್ಲ, ನಿಮ್ಮಮ್ಮನ ತಂಗಿ. ಮೌಸಿ! ಚಲೋ, ಕಾಲಿಗೆ ಬೀಳಿ."

ನನಗಿಂತ ಎಷ್ಟೋ ಚಿಕ್ಕವರು, ಗಂಭೀರವಾಗಿ ಚಪ್ಪಲಿ ಕಳಚಿ ಪಾದ ಮುಂದಿಟ್ಟರು. ನಾನು ಸಂತೋಷದಿಂದ ಬಗ್ಗಿದೆ.