ತೌಡಿನ ಮಫಿನ್

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ಕೀಟನಾಶಕದ ಡಬ್ಬಿಯಿಂದ ಹಿಡಿದು ಮಾತ್ರೆಯ ಚೀಟಿಯವರೆಗೆ, ಮನೆಗೆ ಬಂದ ಇಂಗ್ಲಿಷನ್ನೆಲ್ಲ ಓದಿ ಅರ್ಥ ಹೇಳುವುದು ನನ್ನ ಕೆಲಸವಾಗಿತ್ತು. ತಿಳಿಯದ ಪದ ಎದುರಾದರೆ ಧ್ವನಿಯನ್ನು ತುಸು ಏರಿಸಿ ಓದುತ್ತಿದ್ದೆ.

ಅಪ್ಪ ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ ಪಾಕ ನೋಡುತ್ತಿದ್ದವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ, ಬೆಲ್ಲ ಇಳಿಸುವ ಗಳಿಗೆಯನ್ನು ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಬೆರಳನ್ನು ಬಾಯಿಗಿಡದೆ ಪಂಚೆಗೆ ಒರೆಸಿಕೊಳ್ಳುವುದನ್ನು ಕಲಿತರು.

ಅವರ ಬೆಳಗಿನ ತಿಂಡಿಗೆಂದು ನಾನು ಶ್ರೀರಂಗಪಟ್ಟಣದ ಅಂಗಡಿಯೊಂದರಿಂದ ಅಮೆರಿಕದ ಮಫಿನ್ ಎಂಬ ಪುಟ್ಟ ಕೇಕುಗಳನ್ನು ತಂದೆ. ಗೋಧಿ ತೌಡಿನದು, ಆರೋಗ್ಯಕ್ಕೆ ಹಿತ ಎಂದು ಪೊಟ್ಟಣದ ಮೇಲಿತ್ತು.

“ತೌಡಾ? ನನ್ನೇನ್ಲಾ ಎಮ್ಮೆ ಅಂದ್ಕಂಡಿದ್ದೀಯಾ?” ಎಂದು ನಗುತ್ತ ಕಚ್ಚಿದ ಅಪ್ಪ ಥಟ್ಟನೆ ನಗು ನಿಲ್ಲಿಸಿದರು. “ಲೇ, ಇದು ಪಾಕ ಕಣ್ಲಾ. ಬೆಲ್ಲಾನೇ ವಾಸಿ.”

ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ಕಾರ್ನ್ ಸಿರಪ್ ಎಂದಿತ್ತು. ನನಗೆ ಅರ್ಥವಾದದ್ದು ಮುಸುಕಿನ ಜೋಳ ಎಂಬುದಷ್ಟೇ. ಕೆಳಗೆ ಗ್ರಾಂಗಳ ಲೆಕ್ಕವೂ ಇತ್ತು. ಅದು ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ.

“ಜೋಳದ ರಸ ಅಪ್ಪ. ಶುಗರ್‌ನವರಿಗೆ ಒಳ್ಳೇದು. ಇಂಗ್ಲಿಷಲ್ಲೇ ಬರೆದಿದ್ದಾರೆ. ಅಮೆರಿಕದವರಿಗಿಂತ ನಿಂಗೆ ಜಾಸ್ತಿ ಗೊತ್ತಾ?”

“ಓದ್ದೋನು ನೀನು. ಇದ್ರೂ ಇರ್ಬೋದು ಬುಡು,” ಎಂದು ಪೂರ್ತಿ ತಿಂದರು. ಮೂರು ತಿಂಗಳು, ದಿನಕ್ಕೆರಡರಂತೆ ತಿಂದರು.

ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಕಾಲಿನ ಹೆಬ್ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ವೈದ್ಯರು ರಕ್ತದ ವರದಿ ನೋಡಿ, “ಏನ್ ತಿನ್ನಿಸ್ತಿದ್ರಿ ಇವರಿಗೆ?” ಎಂದು ನನ್ನನ್ನು ಕೇಳಿದರು. ಕಾರ್ನ್ ಸಿರಪ್ ಎಂದರೆ ಜೋಳದಿಂದ ತೆಗೆದ ಸಕ್ಕರೆ ಪಾಕವೆಂದು ಹಿಂದಿನ ದಿನವಷ್ಟೇ ಫೋನಿನಲ್ಲಿ ಹುಡುಕಿ ತಿಳಿದಿದ್ದೆ.

“ಆಲೆಮನೆಯಲ್ಲಿ ಬೆಲ್ಲ ತಿಂತಾರೆ ಸರ್. ಹೇಳಿದ್ರೆ ಕೇಳಲ್ಲ,” ಎಂದೆ.

ವೈದ್ಯರು ಅಪ್ಪನತ್ತ ತಿರುಗಿದರು. “ನಾಲಿಗೆ ಕಟ್ಟೋಕ್ಕಾಗ್ಲಿಲ್ವಾ ಯಜಮಾನ್ರೇ?”

ಅಪ್ಪ ನನ್ನ ಮುಖವನ್ನು ಪಾಕ ನೋಡುವಂತೆ ನೋಡಿದರು. ಬಳಿಕ, “ಊಂ ಸ್ವಾಮಿ. ತಿಂದ್ಬುಟ್ಟೆ,” ಎಂದರು.

ಬೆರಳು ತೆಗೆದರು. ಮನೆಗೆ ಬಂದ ಮೂರನೆಯ ದಿನ, ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಾಗ, ಅಪ್ಪ ದಿಂಬಿನ ಬದಿಯಿಂದ ಉಳಿದಿದ್ದ ಒಂದು ಮಫಿನ್ ತೆಗೆದು ನನ್ನ ಕೈಗಿಟ್ಟರು.

“ತಿನ್ಲಾ.”

ಕಚ್ಚಿದೆ. ಹಲ್ಲು ಜುಮ್ಮೆನ್ನುವಷ್ಟು ಸಿಹಿ.

“ಎಂಗದೆ? ನಿಮ್ಮವ್ವಂಗೂ ಕೇಳಂಗೆ ಯೋಳು.”

ನುಂಗಿದೆ. “ಅಷ್ಟೇನ್ ಸಿಹಿ ಇಲ್ಲಪ್ಪ.”

“ಕೇಳುಸ್ಕಂಡಾ?” ಎಂದು ಅವ್ವ ಅಪ್ಪನ ಮೇಲೆ ಹರಿಹಾಯ್ದಳು. “ಮಗ ತಂದ್ಕೊಟ್ಟಿದ್ದ ತಿಂದ್ಕಂಡು ತೆಪ್ಗಿದ್ದಿದ್ರೆ ಬೆರಳು ಉಳೀತಿತ್ತು. ಬೆಲ್ಲಕ್ಕೇ ಉಟ್ಟಿದ್ದೀಯಾ ನೀನು!”

ಅಪ್ಪ ಕಟ್ಟು ಹಾಕಿದ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡರು. ಉಳಿದರ್ಧವನ್ನು ನಾನು ಅವರೆದುರೇ ತಿಂದು ಮುಗಿಸಿದೆ.